ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ಮತ ಹಾಕಬಹುದೇ? ಫ್ರಾನ್ಸಿನ ಕಡು ಎಡಪಂಥೀಯ ಅಭ್ಯರ್ಥಿಗಳ ಲೆಕ್ಕಾಚಾರ

ಪ್ರಶ್ನೆ: ನಾನು ಧಾರವಾಡ ಮೂಲದವನು. ಹಲವು ವರ್ಷಗಳಿಂದ ತುಲೂಸ್ ನಗರದಲ್ಲಿ ವಿಮಾನ ತಯಾರಿಕೆಯ ಉದ್ಯಮದಲ್ಲಿದ್ದೇನೆ. ಈಚೆಗೆ ಫ್ರೆಂಚ್ ಪೌರತ್ವ ಸಿಕ್ಕಿದೆ. 2027ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಲಿದ್ದೇನೆ. 2017ರ ಟಿ.ವಿ. ಚರ್ಚೆಯಲ್ಲಿ ಫಿಲಿಪ್ ಪುಟು ಎಂಬ ಕಾರ್ಖಾನೆ ಕಾರ್ಮಿಕ ಆಡಿದ ಮಾತು ಕೇಳಿದಂದಿನಿಂದ ಕಡು ಎಡಪಂಥೀಯರತ್ತ ನನಗೆ ಒಲವಿದೆ. ಆದರೆ ನನ್ನ ಸಹೋದ್ಯೋಗಿಯೊಬ್ಬರು, ‘ಅವರಿಗೆ ಹಾಕಿದ ಮತ ಕಡು ಬಲಪಂಥದ ಲ ಪೆನ್‌ಗೆ ಹಾಕಿದ ಹಾಗೆ; 2002ರಲ್ಲಿ ಆದದ್ದು ನೆನಪಿಲ್ಲವೇ?’ ಎನ್ನುತ್ತಾರೆ. ಯೂನಿಯನ್ನಿನ ಗೆಳೆಯರೊಬ್ಬರದು ತದ್ವಿರುದ್ಧ ಮಾತು: ‘ಮಾಧ್ಯಮಗಳು ಇವರನ್ನು ಮುಚ್ಚಿಡುತ್ತವೆ, ಸರಿಯಾದ ಅವಕಾಶ ಸಿಕ್ಕರೆ ಶೇ 10 ದಾಟುವುದು ಕಷ್ಟವಲ್ಲ.’ ಇಬ್ಬರಲ್ಲಿ ಯಾರು ಸರಿ? ಇವರಿಗೆ ನಿಜವಾಗಿ ಎಷ್ಟು ಸಾಧ್ಯತೆ ಇದೆ? ಗೆಲ್ಲದವರು ಪ್ರತಿ ಸಲ ಏಕೆ ನಿಲ್ಲುತ್ತಾರೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ? ನನ್ನ ಮೊದಲ ಮತ ಪೋಲಾಗಬಾರದು, ಅನಾಹುತಕ್ಕೂ ಕಾರಣವಾಗಬಾರದು.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಮನಸ್ಸಿಗೆ ಒಪ್ಪುವ ಅಭ್ಯರ್ಥಿಗೆ ಮತ ಕೊಟ್ಟ ತಪ್ಪಿಗೆ, ಮನಸ್ಸಿಗೆ ಸ್ವಲ್ಪವೂ ಒಪ್ಪದವರು ಅಧಿಕಾರಕ್ಕೆ ಬರಲು ನಾನೇ ಕಾರಣನಾದೇನೇ ಎಂಬುದು ಆ ಆತಂಕ. ಚುನಾವಣಾ ವ್ಯವಸ್ಥೆಗಳನ್ನು ಪಾಠ ಮಾಡುವ ನನಗೆ ಇದು ಹೊಸ ಪ್ರಶ್ನೆಯಲ್ಲ. ಗೆಲುವಿನ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ನೀವು ಹೇಳುವ ಬಗೆಯ ಅಭ್ಯರ್ಥಿ 2027ರಲ್ಲಿ ಫ್ರಾನ್ಸಿನ ಅಧ್ಯಕ್ಷರಾಗುವುದಿಲ್ಲ, ಮೊದಲ ಸುತ್ತಿನ ಮೊದಲ ಇಬ್ಬರು ಮಾತ್ರ ಸೆಣಸುವ ಎರಡನೆಯ ಸುತ್ತಿಗೂ ಹೋಗುವುದಿಲ್ಲ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ಗೆಲ್ಲದ ಅಭ್ಯರ್ಥಿಗೆ ಬಿದ್ದ ಮತ ಏನೂ ಮಾಡುವುದಿಲ್ಲ ಎಂದಾಗಲಿ, ಕೇಡನ್ನೇ ಮಾಡುತ್ತದೆ ಎಂದಾಗಲಿ ಇದರಿಂದ ತೀರ್ಮಾನಿಸುವಂತಿಲ್ಲ. ಅದು ಏನು ಮಾಡುತ್ತದೆ ಎಂಬುದು ಆ ವರ್ಷ ಎರಡನೆಯ ಮತ್ತು ಮೂರನೆಯ ಸ್ಥಾನಗಳ ನಡುವೆ ಉಳಿಯುವ ಅಂತರವನ್ನು ಅವಲಂಬಿಸಿದೆ. ನಿಮ್ಮ ಗೆಳೆಯರಿಬ್ಬರೂ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಾದಿಸುತ್ತಿದ್ದಾರೆ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಮೊದಲು ಖಚಿತವಾಗಬೇಕು. ಜಾನ್-ಲುಕ್ ಮೆಲಾಂಶೋ ಅವರನ್ನು ಎದುರಾಳಿಗಳು ಕಡು ಎಡಪಂಥೀಯರೆಂದು ಕರೆಯುವುದುಂಟು. ಆದರೆ 2022ರಲ್ಲಿ 77 ಲಕ್ಷಕ್ಕೂ ಹೆಚ್ಚು ಮತ ಪಡೆದು ಮೂರನೆಯ ಸ್ಥಾನಕ್ಕೆ ಬಂದ, ನಿಮ್ಮ ತುಲೂಸ್‌ನಲ್ಲಿ ಮೊದಲ ಸ್ಥಾನವನ್ನೇ ಪಡೆದ ಅಭ್ಯರ್ಥಿಯನ್ನು ‘ಗೆಲ್ಲಲಾರದ ಸಣ್ಣ ಅಭ್ಯರ್ಥಿ’ಗಳ ಸಾಲಿನಲ್ಲಿ ಕೂರಿಸಲಾಗದು. ಕಮ್ಯುನಿಸ್ಟ್ ಪಕ್ಷದ ಫಾಬಿಯೆನ್ ರುಸೆಲ್ ಅವರ ದಾರಿಯೂ ಬೇರೆ. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟವರು, ರಷ್ಯದ ಕ್ರಾಂತಿಯ ನಾಯಕ ಟ್ರಾಟ್ಸ್ಕಿಯ ವಿಚಾರಗಳನ್ನು ಒಪ್ಪುವ ಟ್ರಾಟ್‌ಸ್ಕಿವಾದಿ ಪರಂಪರೆಯ ಸಣ್ಣ ಪಕ್ಷಗಳವರು. ಒಂದು, ಲುತ್ ಉವ್ರಿಯೇರ್, ಅಂದರೆ ‘ಕಾರ್ಮಿಕ ಹೋರಾಟ’. ಹಿಂದೆ ಆರ್ಲೆತ್ ಲಾಗಿಯೆ ಅದರ ಅಭ್ಯರ್ಥಿಯಾಗಿದ್ದರು, 2012ರಿಂದ ಮೂರು ಬಾರಿ ಶಿಕ್ಷಕಿ ನಥಾಲಿ ಆರ್ತೊ ಕಣಕ್ಕಿಳಿದಿದ್ದಾರೆ. ಇನ್ನೊಂದು, ಹಿಂದಿನ ಕ್ರಾಂತಿಕಾರಿ ಕಮ್ಯುನಿಸ್ಟ್ ಲೀಗ್. 2009ರಲ್ಲಿ ಅದು ತನ್ನನ್ನು ತಾನೇ ವಿಸರ್ಜಿಸಿಕೊಂಡು ಬಂಡವಾಳಶಾಹಿ ವಿರೋಧಿ ಹೊಸ ಪಕ್ಷವಾಯಿತು. ಎನ್‌ಪಿಎ ಎಂದು ಕರೆಯಲಾಗುವ ಆ ಪಕ್ಷ 2022ರ ಡಿಸೆಂಬರಿನಲ್ಲಿ ಮತ್ತೆ ಇಬ್ಭಾಗವಾಯಿತು. ಒಡೆಯುವುದರಲ್ಲಿ ಈ ಪರಂಪರೆಯವರನ್ನು ಮೀರಿಸುವವರು ಫ್ರಾನ್ಸಿನಲ್ಲಿ ಕಡಿಮೆ.

ಇವರ ಸಾಧನೆಯ ಗ್ರಾಫ್ ಕುತೂಹಲಕರವಾಗಿದೆ. ಕ್ರೆದಿ ಲಿಯೊನೆ ಬ್ಯಾಂಕಿನ ನೌಕರಿಯಲ್ಲಿದ್ದ ಲಾಗಿಯೆ ಫ್ರಾನ್ಸಿನ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ. 1974ರಲ್ಲಿ ಅವರಿಗೆ ಸಿಕ್ಕಿದ್ದು ಶೇ 2.33. 1981 ಮತ್ತು 1988ರಲ್ಲಿ ಅವರು ಸುಮಾರು ಅಲ್ಲಲ್ಲೇ ನಿಂತರು. 1995ರಲ್ಲಿ ಇದ್ದಕ್ಕಿದ್ದಂತೆ ಶೇ 5.30ಕ್ಕೆ ಏರಿದರು. 2002ರಲ್ಲಿ ಅವರಿಗೆ ಶೇ 5.72 ಬಂದರೆ, ಕ್ರಾಂತಿಕಾರಿ ಕಮ್ಯುನಿಸ್ಟ್ ಲೀಗಿನ ಒಲಿವಿಯೆ ಬೆಸಾನ್ಸನೊ ಎಂಬ 28 ವರ್ಷದ ಅಂಚೆಯವರಿಗೆ ಶೇ 4.25 ಬಂತು. ಮೂರನೆಯ ಟ್ರಾಟ್‌ಸ್ಕಿವಾದಿ ಅಭ್ಯರ್ಥಿ ಡೇನಿಯಲ್ ಗ್ಲುಕ್‌ಸ್ಟೈನ್ ಅವರ ಅರ್ಧ ಪ್ರತಿಶತವನ್ನೂ ಸೇರಿಸಿದರೆ ಮೊತ್ತ ಶೇ 10ನ್ನು ದಾಟುತ್ತದೆ. ನಿಮ್ಮ ಯೂನಿಯನ್ ಗೆಳೆಯರ ಮನಸ್ಸಿನಲ್ಲಿರುವುದು ಬಹುಶಃ ಈ ಸಂಖ್ಯೆಯೇ. ಆದರೆ ಅದು ಮೂವರದು ಸೇರಿದ ಸಂಖ್ಯೆ, ಒಬ್ಬರದಲ್ಲ. ಮತ್ತು ಅಂದಿನಿಂದ ಗ್ರಾಫ್ ಇಳಿಯುತ್ತಲೇ ಬಂದಿದೆ. 2007ರಲ್ಲಿ ಬೆಸಾನ್ಸನೊ ಶೇ 4ರ ಮೇಲೆ ಉಳಿದರು, ಲಾಗಿಯೆ ಶೇ 1.33ಕ್ಕೆ ಕುಸಿದರು. ಎನ್‌ಪಿಎ ಅಭ್ಯರ್ಥಿ ಪುಟು ಅವರಿಗೆ 2012ರಲ್ಲಿ ಶೇ 1.15, 2017ರಲ್ಲಿ ಶೇ 1.09, 2022ರಲ್ಲಿ ಶೇ 0.77. ಆರ್ತೊ ಒಮ್ಮೆಯೂ ಶೇ 0.7ನ್ನು ಮುಟ್ಟಲಿಲ್ಲ.

ಏರಿಳಿತಕ್ಕೆ ಕಾರಣ ಅಭ್ಯರ್ಥಿಯ ವಾಕ್ಚಾತುರ್ಯವೆಂದು ನಾನು ನಂಬುವುದಿಲ್ಲ. ಏರಿಕೆ ಕಂಡ ಎರಡು ವರ್ಷಗಳನ್ನು ಗಮನಿಸಿ. 1995ರ ಹಿಂದೆ ಸಮಾಜವಾದಿ ಮಿತ್ತೆರಾಂ ಅವರ 14 ವರ್ಷಗಳ ಅಧ್ಯಕ್ಷಾವಧಿಯಿತ್ತು. 2002ರ ಹಿಂದೆ ಸಮಾಜವಾದಿ ಪ್ರಧಾನಿ ಲಿಯೊನೆಲ್ ಜೊಸ್ಪಿನ್ ಅವರ 5 ವರ್ಷಗಳ ಆಡಳಿತವಿತ್ತು. ತಾವೇ ಆರಿಸಿದ ಎಡಪಂಥೀಯ ಸರ್ಕಾರ ಕಾರ್ಖಾನೆ ಮುಚ್ಚುವುದನ್ನು ತಡೆಯಲಿಲ್ಲ, ಸಾರ್ವಜನಿಕ ಉದ್ದಿಮೆಗಳ ಷೇರು ಮಾರಿತು ಎಂಬ ಸಿಟ್ಟು ಇದ್ದವರು, ಬಲಪಂಥಕ್ಕೆ ಹೋಗಲು ಮನಸ್ಸಿಲ್ಲದೆ, ಲಾಗಿಯೆ ಮತ್ತು ಬೆಸಾನ್ಸನೊ ಅವರ ಹೆಸರಿನ ಚೀಟಿ ಎತ್ತಿಕೊಂಡರು. ಅವರೆಲ್ಲ ಕ್ರಾಂತಿಕಾರಿಗಳಾಗಿರಲಿಲ್ಲ. ಸಮಾಜವಾದಿಗಳಿಗೆ ಪಾಠ ಕಲಿಸಬೇಕೆಂದಿದ್ದ ಶಿಕ್ಷಕರು, ದಾದಿಯರು, ರೈಲ್ವೆ ನೌಕರರಂಥವರೇ ಅವರಲ್ಲಿ ಹೆಚ್ಚು.

ಹಾಗಾದರೆ ಫ್ರಾಂಸ್ವಾ ಒಲಾಂದ್ ಅವರ ಸಮಾಜವಾದಿ ಸರ್ಕಾರದ ಬಗ್ಗೆ ಅಷ್ಟೇ ತೀವ್ರ ಅಸಮಾಧಾನವಿದ್ದ 2017ರಲ್ಲಿ ಏಕೆ ಏರಲಿಲ್ಲ? ಏಕೆಂದರೆ ಆ ವೇಳೆಗೆ ಆ ಸಿಟ್ಟಿಗೆ ಬೇರೊಂದು ದೊಡ್ಡ ಮನೆ ಸಿಕ್ಕಿತ್ತು. 2008ರಲ್ಲಿ ಸಮಾಜವಾದಿ ಪಕ್ಷ ಬಿಟ್ಟು ಬಂದ ಮೆಲಾಂಶೋ 2012ರಲ್ಲಿ ಶೇ 11.10, 2017ರಲ್ಲಿ ಶೇ 19.58, 2022ರಲ್ಲಿ ಶೇ 21.95 ಮತ ಪಡೆದರು. ಪ್ರತಿಭಟನೆಯನ್ನೂ ದಾಖಲಿಸಬಹುದು, ಗೆಲ್ಲುವ ಆಸೆಯನ್ನೂ ಇಟ್ಟುಕೊಳ್ಳಬಹುದು ಎಂಬಂಥ ಅಭ್ಯರ್ಥಿ ಪಕ್ಕದಲ್ಲೇ ಇರುವಾಗ ಪ್ರತಿಭಟನೆಯನ್ನು ಮಾತ್ರ ಕೊಡಬಲ್ಲವರ ಬಳಿ ಉಳಿಯುವವರು ನಿಷ್ಠಾವಂತರಷ್ಟೆ. ಇದರ ಜೊತೆಗೆ, ದುಡಿಯುವವರಲ್ಲಿ ಕಾರ್ಖಾನೆ ಹಾಗೂ ಇತರ ಶ್ರಮಿಕ ವರ್ಗದ ಪಾಲು ಇಂದು ಸುಮಾರು ಐದರಲ್ಲೊಂದಕ್ಕೆ ಇಳಿದಿದೆ. ಆ ವರ್ಗದಲ್ಲೂ ಬಹಳಷ್ಟು ಮಂದಿ ಮತವನ್ನೇ ಹಾಕುವುದಿಲ್ಲ, ಹಾಕಿದವರಲ್ಲಿ ದೊಡ್ಡ ಭಾಗ ಮರೀನ್ ಲ ಪೆನ್ ಅವರತ್ತ ವಾಲಿದೆ. ಪುಟು ದುಡಿಯುತ್ತಿದ್ದ, ಬೋರ್ಡೊ ಬಳಿಯ ಬ್ಲಾಂಕ್‌ಫೋರ್‌ನ ಫೋರ್ಡ್ ಗೇರ್‌ಬಾಕ್ಸ್ ಕಾರ್ಖಾನೆಯೇ 2019ರಲ್ಲಿ ಮುಚ್ಚಿತು.

ಈಗ ಮಾಧ್ಯಮದ ಮಾತು. ನಿಮ್ಮ ಗೆಳೆಯರ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಮತದಾನಕ್ಕೆ ಮುಂಚಿನ ಸುಮಾರು ಎರಡು ವಾರ, ಅಧಿಕೃತ ಪ್ರಚಾರದ ಅವಧಿಯಲ್ಲಿ, ರೇಡಿಯೊ ಮತ್ತು ಟಿ.ವಿ. ವಾಹಿನಿಗಳು ಎಲ್ಲ ಅಭ್ಯರ್ಥಿಗಳಿಗೂ ಸಮಾನ ಮಾತಿನ ಅವಧಿ ಕೊಡಬೇಕೆಂಬ ನಿಯಮವಿದೆ. ಆದರೆ ಅದಕ್ಕೂ ಮುಂಚಿನ ವಾರಗಳಲ್ಲಿ, 2016ರ ಕಾನೂನು ತಿದ್ದುಪಡಿಯ ನಂತರ, ಅಭ್ಯರ್ಥಿಯ ರಾಜಕೀಯ ತೂಕಕ್ಕೆ ತಕ್ಕಷ್ಟು ಕೊಟ್ಟರೆ ಸಾಕು. 2022ರ ಮಾರ್ಚ್‌ನಲ್ಲಿ ಟಿಎಫ್1 ವಾಹಿನಿಯ ವಿಶೇಷ ಕಾರ್ಯಕ್ರಮಕ್ಕೆ 12 ಅಭ್ಯರ್ಥಿಗಳಲ್ಲಿ 8 ಮಂದಿಯನ್ನಷ್ಟೇ ಕರೆಯಲಾಯಿತು. ಪುಟು, ಆರ್ತೊ ಇಬ್ಬರೂ ಹೊರಗುಳಿದರು.

ಆದರೆ ಇದಕ್ಕೆ ಎದುರಾಗಿ ನೀವೇ ನೋಡಿದ 2017ರ ಏಪ್ರಿಲ್ 4ರ ರಾತ್ರಿಯನ್ನು ಇಟ್ಟು ನೋಡಿ. ಹನ್ನೊಂದು ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿದ್ದರು. ಪುಟು ಕೋಟು-ಟೈ ಇಲ್ಲದೆ ಬಂದರು, ಉಳಿದವರ ಜೊತೆ ಗುಂಪು ಫೋಟೊಗೆ ನಿಲ್ಲಲು ಒಪ್ಪಲಿಲ್ಲ. ಸಂಸದೀಯ ಸಹಾಯಕರ ಸಂಬಳದ ಪ್ರಕರಣದಲ್ಲಿ ಸಿಲುಕಿದ್ದ ಬಲಪಂಥದ ಅಭ್ಯರ್ಥಿ ಫ್ರಾಂಸ್ವಾ ಫಿಯೋಂ ಅವರನ್ನು ಮುಖಾಮುಖಿ ಕೆಣಕಿದರು. ಆಮೇಲೆ ಲ ಪೆನ್ ಅವರತ್ತ ತಿರುಗಿ, ಪೊಲೀಸರು ಕರೆದಾಗ ನಮಗೆ ‘ಕಾರ್ಮಿಕ ವಿನಾಯಿತಿ’ ಎಂಬುದೇನೂ ಇಲ್ಲ, ಹೋಗಲೇಬೇಕು ಎಂದರು; ಐರೋಪ್ಯ ಸಂಸತ್ತಿನ ಸದಸ್ಯೆಯಾಗಿ ಇದ್ದ ರಕ್ಷಣೆಯನ್ನು ಮುಂದಿಟ್ಟು ವಿಚಾರಣೆಗೆ ಹೋಗದಿದ್ದ ಲ ಪೆನ್ ಒಂದು ಕ್ಷಣ ಉತ್ತರವಿಲ್ಲದೆ ನಿಂತರು, ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಮರುದಿನ ಇಡೀ ದೇಶ ಆ ಮಾತನ್ನೇ ಹಂಚಿಕೊಂಡಿತು. ಮೂರು ವಾರವೂ ಕಳೆಯುವ ಮೊದಲೇ ಮತದಾನ ನಡೆದಾಗ ಅವರಿಗೆ ಬಂದದ್ದು 3,94,505 ಮತ, ಅಂದರೆ 2012ಕ್ಕಿಂತ ತುಸು ಕಡಿಮೆಯೇ. ಒಬ್ಬ ಸಣ್ಣ ಅಭ್ಯರ್ಥಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ನೋಡುವವರ ಮೆಚ್ಚುಗೆಗೂ ಮತಚೀಟಿಗೂ ನಡುವೆ ಅಷ್ಟು ದೂರವಿದೆ; ಆ ದೂರವನ್ನು ಕ್ಯಾಮೆರಾ ಕಡಿಮೆ ಮಾಡಲಾರದು.

ವಾಸ್ತವದಲ್ಲಿ ಇವರಿಗೆ ಅತಿ ಕಷ್ಟದ ಪರೀಕ್ಷೆ ಮತದಾನವಲ್ಲ, ಅಭ್ಯರ್ಥಿಯಾಗುವುದು. ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆಗೆ ಠೇವಣಿ ಇಲ್ಲ; ನಮ್ಮಲ್ಲಿ ಚಲಾಯಿತ ಮತಗಳ ಆರನೆಯ ಒಂದು ಭಾಗ ಬಾರದಿದ್ದರೆ ಠೇವಣಿ ಹೋಗುವ ಹಾಗೆ ಅಲ್ಲಿ ಏನೂ ಹೋಗುವುದಿಲ್ಲ. ಅದರ ಬದಲು 500 ಚುನಾಯಿತ ಪ್ರತಿನಿಧಿಗಳ ಅನುಮೋದನೆ ಬೇಕು. 1976ಕ್ಕೆ ಮುಂಚೆ 100 ಸಾಕಾಗಿತ್ತು. ಆ 500 ಕನಿಷ್ಠ 30 ಜಿಲ್ಲೆಗಳಿಂದ ಬರಬೇಕು, ಯಾವುದೇ ಒಂದು ಜಿಲ್ಲೆಯಿಂದ 50ಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕುವ ಹಕ್ಕಿರುವವರು ಸುಮಾರು 42,000 ಮಂದಿ. ಅವರಲ್ಲಿ ಬಹುಪಾಲು ಸಣ್ಣ ಸಣ್ಣ ಊರುಗಳ ಮೇಯರ್‌ಗಳು. ಸಂಸದರೇ ಇಲ್ಲದ ಪಕ್ಷದ ಕಾರ್ಯಕರ್ತರು ಚುನಾವಣೆಗೆ ವರ್ಷ ಮುಂಚಿನಿಂದಲೇ ಕಾರು ಹತ್ತಿ, ಕೆಲವೇ ನೂರು ಜನರಿರುವ ಹಳ್ಳಿಗಳ ಮೇಯರ್‌ಗಳ ಬಾಗಿಲು ತಟ್ಟುತ್ತಾರೆ. ಅವರು ಎದುರಿಸುವ ಮೇಯರ್ ಬಹುತೇಕ ಯಾವ ಪಕ್ಷಕ್ಕೂ ಸೇರದ ರೈತನೋ ನಿವೃತ್ತ ಶಿಕ್ಷಕನೋ ಆಗಿರುತ್ತಾರೆ. ‘ನಿಮ್ಮ ವಿಚಾರ ನನಗೆ ಒಪ್ಪಿಗೆಯಿಲ್ಲ, ಆದರೆ ನಿಮ್ಮ ದನಿ ಕಣದಲ್ಲಿರಲಿ’ ಎಂದು ಅವರು ಒಪ್ಪಬೇಕು.

2016ರ ಕಾನೂನು ಇದನ್ನು ಇನ್ನಷ್ಟು ಬಿಗಿ ಮಾಡಿತು. ಮೊದಲು ಪ್ರತಿ ಅಭ್ಯರ್ಥಿಯ ಅನುಮೋದಕರಲ್ಲಿ ಚೀಟಿ ಎತ್ತಿದ 500 ಹೆಸರುಗಳನ್ನಷ್ಟೇ ಪ್ರಕಟಿಸುತ್ತಿದ್ದರು. ಈಗ ಎಲ್ಲ ಹೆಸರುಗಳೂ ಪ್ರಕಟವಾಗುತ್ತವೆ. ಜೊತೆಗೆ ಸಹಿ ಮಾಡಿದ ಅರ್ಜಿಯನ್ನು ಮೇಯರ್ ತಾವೇ ಸಂವಿಧಾನ ಪರಿಷತ್ತಿಗೆ ಕಳಿಸಬೇಕು, ಕಾರ್ಯಕರ್ತರು ಒಟ್ಟು ಮಾಡಿಕೊಂಡು ಹೋಗುವಂತಿಲ್ಲ. ಊರಿನ ಅನುದಾನಕ್ಕೆ ಮೇಲಿನ ಹಂತದವರನ್ನು ನೆಚ್ಚಿರುವ ಮೇಯರ್‌ಗೆ ಹೆಸರು ಹೊರಬೀಳುವುದೇ ಅಳುಕು. 2022ರಲ್ಲಿ ಪುಟು ಅವರಿಗೆ 596, ಆರ್ತೊ ಅವರಿಗೆ 576 ಅನುಮೋದನೆಗಳು ಬಂದವಾದರೂ ಪುಟು ಕಣದಲ್ಲಿರುತ್ತಾರೆಯೇ ಎಂಬುದು ಗಡುವಿನ ಕೊನೆಯ ದಿನಗಳವರೆಗೂ ಖಚಿತವಿರಲಿಲ್ಲ. ಎನ್‌ಪಿಎಯಿಂದ ಹೊರಬಂದ ಗುಂಪಿನ ರೈಲ್ವೆ ನೌಕರ ಅನಾಸ್ ಕಾಜಿಬ್ ಅವರಿಗೆ ಅಷ್ಟು ಸಹಿ ಸಿಗಲೇ ಇಲ್ಲ. ಆದ್ದರಿಂದ 2027ರ ಬಗ್ಗೆ ನೀವು ಮೊದಲು ಕೇಳಿಕೊಳ್ಳಬೇಕಾದುದು ಶೇ ಎಷ್ಟು ಬರುತ್ತದೆ ಎಂದಲ್ಲ. ನಿಮ್ಮ ಒಲವಿನ ಅಭ್ಯರ್ಥಿ ಮತಚೀಟಿಯ ಮೇಜಿನವರೆಗೆ ತಲುಪುತ್ತಾರೆಯೇ ಎಂದು. ಲುತ್ ಉವ್ರಿಯೇರ್‌ನ ಸಂಘಟನೆ ಈ ಕೆಲಸದಲ್ಲಿ ಪಳಗಿದೆ. ಇಬ್ಭಾಗವಾದ ಎನ್‌ಪಿಎ ಬಣಗಳಿಗೆ ಇದು ಸುಲಭವಲ್ಲ ಎಂಬುದು ನನ್ನ ಅಂದಾಜು.

ಹಣದ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಇವರು ಸರ್ಕಾರದ ಹಣ ಹೊಡೆಯಲು ನಿಲ್ಲುತ್ತಾರೆ ಎಂಬುದು ಒಂದು. ಶೇ 5 ಮತ ದಾಟಿದ ಅಭ್ಯರ್ಥಿಗೆ ವೆಚ್ಚ ಮಿತಿಯ ಶೇ 47.5ರವರೆಗೆ, ದಾಟದವರಿಗೆ ಶೇ 4.75ರವರೆಗೆ ಸರ್ಕಾರ ಹಿಂದಿರುಗಿಸುತ್ತದೆ. 2022ರ ಮೊದಲ ಸುತ್ತಿನ ಮಿತಿ 1 ಕೋಟಿ 68.51 ಲಕ್ಷ ಯೂರೊ. ಅಂದರೆ ಶೇ 5ರ ಕೆಳಗಿನವರಿಗೆ ಗರಿಷ್ಠ ಸುಮಾರು 8 ಲಕ್ಷ ಯೂರೊ, ಮೇಲಿನವರಿಗೆ ಸುಮಾರು 80 ಲಕ್ಷ. ಅದೂ ನಿಜವಾಗಿ ಖರ್ಚು ಮಾಡಿ, ಲೆಕ್ಕ ಒಪ್ಪಿತವಾದರೆ ಮಾತ್ರ. ಸಣ್ಣ ಪಕ್ಷಗಳು ಆ 8 ಲಕ್ಷದ ಆಸುಪಾಸಿನಲ್ಲೇ ಪ್ರಚಾರ ಮುಗಿಸಲು ಕಲಿತಿವೆ. ಪೆಟ್ಟು ಬೀಳುವುದು ಶೇ 5 ಬಂದೇ ಬರುತ್ತದೆಂದು ಸಾಲ ಮಾಡಿದವರಿಗೆ. 2022ರಲ್ಲಿ ಶೇ 4.78ಕ್ಕೆ ನಿಂತ ಬಲಪಂಥದ ವಲೇರಿ ಪೆಕ್ರೆಸ್ ಮರುದಿನವೇ ಸಾರ್ವಜನಿಕರ ಮುಂದೆ ದೇಣಿಗೆಗೆ ಕೈಚಾಚಬೇಕಾಯಿತು. ಎರಡನೆಯ ತಪ್ಪು ಕಲ್ಪನೆ, ನಿಮ್ಮ ಮತ ಆ ಪಕ್ಷಕ್ಕೆ ವರ್ಷ ವರ್ಷ ಹಣ ತರುತ್ತದೆ ಎಂಬುದು. ಪಕ್ಷಗಳ ವಾರ್ಷಿಕ ಸರ್ಕಾರಿ ನೆರವು ಸಂಸತ್ ಚುನಾವಣೆಯ ಮತಗಳ ಮೇಲೆ ನಿಂತಿದೆ, ಅಧ್ಯಕ್ಷೀಯ ಚುನಾವಣೆಯ ಮೇಲಲ್ಲ.

ಇನ್ನು ನಿಮ್ಮ ಸಹೋದ್ಯೋಗಿಯ ಆರೋಪ. ಇಲ್ಲಿ ನಿಧಾನವಾಗಿ ಲೆಕ್ಕ ಹಾಕಬೇಕು, ಏಕೆಂದರೆ 2002 ಎಂಬ ಇಸವಿಯನ್ನು ಫ್ರಾನ್ಸಿನಲ್ಲಿ ವಾದ ಮುಗಿಸಲು ಬಳಸುತ್ತಾರೆ. ಆ ವರ್ಷದ ಏಪ್ರಿಲ್ 21ರಂದು ಬಲಪಂಥದ ಜಾಕ್ ಶಿರಾಕ್ ಮೊದಲಿಗರಾದರು. ಮರೀನ್ ಅವರ ತಂದೆ ಜಾನ್-ಮಾರಿ ಲ ಪೆನ್ 48,04,713 ಮತ ಪಡೆದು ಎರಡನೆಯ ಸುತ್ತಿಗೆ ಹೋದರು. ಜೊಸ್ಪಿನ್ 46,10,113 ಮತಗಳೊಂದಿಗೆ ಹೊರಬಿದ್ದರು. ಅಂತರ 1,94,600. ಮೂವರು ಟ್ರಾಟ್‌ಸ್ಕಿವಾದಿಗಳ ಒಟ್ಟು ಮತ 29 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹದಿನೈದಕ್ಕೆ ಒಬ್ಬರು ಜೊಸ್ಪಿನ್‌ಗೆ ಹಾಕಿದ್ದರೂ ಇತಿಹಾಸ ಬೇರೆಯಾಗುತ್ತಿತ್ತು. ಇಷ್ಟರ ಮಟ್ಟಿಗೆ ಸಹೋದ್ಯೋಗಿ ಸರಿ. ಆದರೆ ಅದೇ ಲೆಕ್ಕ ಸರ್ಕಾರದ ಒಳಗಿನವರಿಗೂ ಅನ್ವಯಿಸುತ್ತದೆ. ಜೊಸ್ಪಿನ್ ಸಂಪುಟದಲ್ಲಿ ಸಚಿವರಾಗಿದ್ದ ಷೆವೆನ್‌ಮಾಂ 15 ಲಕ್ಷಕ್ಕೂ ಹೆಚ್ಚು ಮತ ತೆಗೆದುಕೊಂಡರು. ಮಿತ್ರಪಕ್ಷ ಗ್ರೀನ್ಸ್‌ನ ಮಾಮೇರ್ ಸುಮಾರು 15 ಲಕ್ಷ, ಎಡಪಂಥದ ಇನ್ನೊಂದು ಸಣ್ಣ ಪಕ್ಷದ ಕ್ರಿಸ್ತಿಯಾನ್ ತೊಬಿರಾ 6.6 ಲಕ್ಷ ಪಡೆದರು. ತೊಬಿರಾ ಒಬ್ಬರ ಮತಗಳೇ ಅಂತರದ ಮೂರು ಪಟ್ಟು. ಮನೆಯಲ್ಲೇ ಉಳಿದವರು 1 ಕೋಟಿ 16 ಲಕ್ಷಕ್ಕೂ ಹೆಚ್ಚು. ಎರಡನೆಯ ಸುತ್ತು ಶಿರಾಕ್–ಜೊಸ್ಪಿನ್ ನಡುವೆಯೇ ಎಂದು ಸಮೀಕ್ಷೆಗಳೆಲ್ಲ ಹೇಳುತ್ತಿದ್ದುದರಿಂದ ಮೊದಲ ಸುತ್ತಿನಲ್ಲಿ ಸಿಟ್ಟು ತೀರಿಸಿಕೊಂಡರೆ ನಷ್ಟವಿಲ್ಲವೆಂದು ಜನ ಭಾವಿಸಿದ್ದರು. ತನ್ನ ಕಾರ್ಯಕ್ರಮ ಸಮಾಜವಾದಿಯಲ್ಲ ಎಂದು ಪ್ರಚಾರದ ಆರಂಭದಲ್ಲೇ ಹೇಳಿಬಿಟ್ಟಿದ್ದ ಜೊಸ್ಪಿನ್ ಅವರ ಪಾಲೂ ಇದರಲ್ಲಿದೆ. ಅವರೇ ಯೌವನದಲ್ಲಿ ಒಂದು ಟ್ರಾಟ್‌ಸ್ಕಿವಾದಿ ಸಂಘಟನೆಯಲ್ಲಿದ್ದುದನ್ನು ಚುನಾವಣೆಗೆ ಒಂದು ವರ್ಷ ಮುಂಚೆಯಷ್ಟೇ ಸಂಸತ್ತಿನಲ್ಲಿ ಒಪ್ಪಿಕೊಂಡಿದ್ದರು.

ಎಡಪಂಥ ಎರಡನೆಯ ಸುತ್ತಿನಿಂದ ಹೊರಬಿದ್ದದ್ದು ಅದೇ ಮೊದಲಲ್ಲ ಎಂಬುದನ್ನೂ ಮರೆಯುತ್ತಾರೆ. 1969ರಲ್ಲಿ ಕಮ್ಯುನಿಸ್ಟ್ ಜಾಕ್ ದುಕ್ಲೊ ಶೇ 21.27 ಪಡೆದೂ ಶೇ 23.31 ಪಡೆದ ಮಧ್ಯಪಂಥದ ಅಲೆನ್ ಪೊಹೇರ್ ಅವರಿಗಿಂತ ಹಿಂದೆ ಬಿದ್ದರು. ಅಂದು ಟ್ರಾಟ್‌ಸ್ಕಿವಾದಿ ಅಲೆನ್ ಕ್ರಿವಿನ್‌ಗೆ ಬಂದದ್ದು ಶೇ 1ರ ಆಸುಪಾಸು. ಯಾರೂ ಅವರತ್ತ ಬೆರಳು ತೋರಿಸಲಿಲ್ಲ.

ಈಚಿನ ಎರಡು ಚುನಾವಣೆಗಳ ಲೆಕ್ಕ ನಿಮಗೆ ಹೆಚ್ಚು ಉಪಯುಕ್ತ. 2017ರಲ್ಲಿ ಮರೀನ್ ಲ ಪೆನ್ ಮತ್ತು ಮೆಲಾಂಶೋ ನಡುವಿನ ಅಂತರ 6,18,540. ಪುಟು ಮತ್ತು ಆರ್ತೊ ಇಬ್ಬರ ಒಟ್ಟು ಮತ 6,26,889. 2022ರಲ್ಲಿ ಅಂತರ 4,21,308. ಇಬ್ಬರ ಮತ ಸೇರಿ 4,65,998. ಎರಡೂ ಸಲ ಸಣ್ಣವರ ಮೊತ್ತ ಅಂತರವನ್ನು ಅಷ್ಟಿಷ್ಟು ದಾಟಿರುವುದನ್ನು ಕಂಡು, ‘ನೋಡಿ, ಇವರೇ ತಪ್ಪಿಸಿದರು’ ಎನ್ನುವವರಿದ್ದಾರೆ. ಆದರೆ ಆ ಮಾತು ನಿಜವಾಗಬೇಕಾದರೆ 2022ರಲ್ಲಿ ಅವರ ಪ್ರತಿ 10 ಮತದಾರರಲ್ಲಿ 9ಕ್ಕಿಂತ ಹೆಚ್ಚು ಮಂದಿ, 2017ರಲ್ಲಿ 100ರಲ್ಲಿ ಸುಮಾರು 99 ಮಂದಿ, ಒಬ್ಬರೂ ಮನೆಯಲ್ಲಿ ಕೂರದೆ ಮೆಲಾಂಶೋಗೇ ಹಾಕಬೇಕಿತ್ತು. ಮೆಲಾಂಶೋ ಕೂಡ ವ್ಯವಸ್ಥೆಯನ್ನು ಉಳಿಸುವವರೇ ಎಂದು ಪ್ರಚಾರ ಮಾಡುವ ಲುತ್ ಉವ್ರಿಯೇರ್‌ನ ಮತದಾರರು ಹಾಗೆ ಮಾಡುವರೆಂದು ಯಾವ ಅನುಭವಿಯೂ ಹೇಳಲಾರ. 2022ರಲ್ಲಿ ಮೆಲಾಂಶೋಗೆ ನಿಜಕ್ಕೂ ತುಟ್ಟಿಯಾದದ್ದು ಕಮ್ಯುನಿಸ್ಟ್ ರುಸೆಲ್ ಅವರ 8,02,422 ಮತ, ಏಕೆಂದರೆ ಹಿಂದಿನ ಎರಡು ಚುನಾವಣೆಗಳಲ್ಲಿ ಅದೇ ಪಕ್ಷ ಮೆಲಾಂಶೋ ಅವರನ್ನು ಬೆಂಬಲಿಸಿತ್ತು.

ಹೀಗಾಗಿ ‘ಮತ ಒಡೆಯುವವರು’ ಎಂಬ ಆರೋಪ 2002ಕ್ಕೆ ಅರ್ಧ ನಿಜ, ಆನಂತರದ ಚುನಾವಣೆಗಳಿಗೆ ಬಹುಮಟ್ಟಿಗೆ ಸುಳ್ಳು. ಆದರೆ ಇದರಲ್ಲೊಂದು ತಿರುವು ಇದೆ: ಸುಳ್ಳಾಗಿರುವುದು ಇವರ ಮತ ತೀರ ಕಡಿಮೆ ಆದುದರಿಂದ. ನಿಮ್ಮ ಯೂನಿಯನ್ ಗೆಳೆಯರು ಬಯಸುವ ಶೇ 10 ಬಂದರೆ ಸಹೋದ್ಯೋಗಿಯ ಭಯಕ್ಕೆ ಮತ್ತೆ ಆಧಾರ ಸಿಗುತ್ತದೆ.

ಗೆಲ್ಲದಿದ್ದರೂ ಏಕೆ ನಿಲ್ಲುತ್ತಾರೆ ಎಂಬುದಕ್ಕೆ ಉತ್ತರವನ್ನು ಅವರೇ ಮುಚ್ಚುಮರೆಯಿಲ್ಲದೆ ಕೊಡುತ್ತಾರೆ. ಕಾರ್ಮಿಕರ ಪಾಡು ಚುನಾವಣೆಯಿಂದ ಬದಲಾಗುವುದಿಲ್ಲ, ಮುಷ್ಕರ ಮತ್ತು ಸಂಘಟನೆಯಿಂದ ಬದಲಾಗುತ್ತದೆ, ಚುನಾವಣೆ ಅದನ್ನು ಹೇಳಲು ಸಿಗುವ ವೇದಿಕೆಯಷ್ಟೇ ಎಂಬುದು ಲುತ್ ಉವ್ರಿಯೇರ್‌ನ ನಿಲುವು. ಆ ವೇದಿಕೆ ಸಣ್ಣದಲ್ಲ. ಪ್ರತಿ ಮತದಾರನ ಮನೆಗೂ ಪ್ರತಿ ಅಭ್ಯರ್ಥಿಯ ಪ್ರಣಾಳಿಕೆ ಅಂಚೆಯಲ್ಲಿ ಬರುತ್ತದೆ. ಮತಗಟ್ಟೆಯ ಹೊರಗಿನ ಫಲಕಗಳಲ್ಲಿ ಪೋಸ್ಟರುಗಳ ಕ್ರಮ ನಿರ್ಧಾರವಾಗುವುದು ಚೀಟಿ ಎತ್ತಿ. 2022ರಲ್ಲಿ ದೇಶದುದ್ದಕ್ಕೂ ಮೊದಲ ಫಲಕ ಆರ್ತೊ ಅವರದಾಗಿತ್ತು, ಮ್ಯಾಕ್ರನ್ ಅವರದು ಮೂರನೆಯದು. ಅಧಿಕಾರ ಬೇಕಿದ್ದರೆ ಇವರಿಗೆ ಮತದ ಪಾಲಿಗೆ ತಕ್ಕಷ್ಟು ಸ್ಥಾನ ಕೊಡುವ ಅನುಪಾತದ ವ್ಯವಸ್ಥೆ ಹೆಚ್ಚು ಅನುಕೂಲ. 1999ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಎರಡು ಪಕ್ಷಗಳು ಕೂಡಿ ಶೇ 5.18 ಪಡೆದು 5 ಸ್ಥಾನ ಗೆದ್ದವು. ಪುಟು 2020ರಲ್ಲಿ ಬೋರ್ಡೊ ನಗರಸಭೆಯ ಸದಸ್ಯರಾದರು. ಅಧ್ಯಕ್ಷೀಯ ಚುನಾವಣೆಯಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ನಿಮ್ಮ ತುಲೂಸ್ ಎಷ್ಟೇ ಎಡಕ್ಕೆ ವಾಲಿದ್ದರೂ ಅದು ಬೇರೆಡೆಯ ಮತಗಳ ಜೊತೆ ಒಂದೇ ರಾಶಿಗೆ ಸೇರುತ್ತದೆ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಮೊದಲ ಸುತ್ತಿನಲ್ಲಿ ಮನಸ್ಸಿಗೆ ಒಪ್ಪಿದವರಿಗೇ ಹಾಕುವುದು ಗೌರವಯುತವಾದ ಆಯ್ಕೆ. ಅದರ ಅಪಾಯ ನಾನು ಮೇಲೆ ಹೇಳಿದ ಅಂತರಕ್ಕೆ ಸೀಮಿತ. ನಿಮಗೆ ಎರಡನೆಯ ಅತ್ಯುತ್ತಮ ಅನ್ನಿಸುವ, ಎರಡನೆಯ ಸುತ್ತಿಗೆ ಹತ್ತಿರವಿರುವ ಎಡ ಅಭ್ಯರ್ಥಿಗೆ ಹಾಕುವುದು ಇನ್ನೊಂದು. ಅದರ ಅಪಾಯವನ್ನು ಜನ ಕಡಿಮೆ ಗಮನಿಸುತ್ತಾರೆ: ಲೆಕ್ಕಾಚಾರದ ಮತ ಹಾಕಿಯೂ ಅವರು ಹಿಂದುಳಿದರೆ ನಿಮ್ಮ ನಿಜವಾದ ಅಭಿಪ್ರಾಯ ಎಲ್ಲಿಯೂ ದಾಖಲಾಗದೆ ಹೋಗುತ್ತದೆ, ಆ ಅಭ್ಯರ್ಥಿ ನಿಮ್ಮನ್ನು ತನ್ನ ಬೆಂಬಲಿಗರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಯಾರನ್ನೂ ಆರಿಸದೆ ಹಾಕುವ ಖಾಲಿ ಮತವನ್ನು 2014ರಿಂದ ಪ್ರತ್ಯೇಕವಾಗಿ ಎಣಿಸುತ್ತಾರಾದರೂ ಚಲಾಯಿತ ಮತಗಳಲ್ಲಿ ಸೇರಿಸುವುದಿಲ್ಲ. ಮೊದಲ ಸುತ್ತಿನಲ್ಲಿ, ಅಷ್ಟೊಂದು ಆಯ್ಕೆಗಳಿರುವಾಗ, ಅದನ್ನು ನಾನು ಸೂಚಿಸುವುದಿಲ್ಲ.

ನನ್ನ ಸಲಹೆ ಇಷ್ಟು. ಈಗಲೇ ನಿರ್ಧರಿಸಬೇಡಿ. ಕೊನೆಯ ಎರಡು ವಾರದಲ್ಲಿ ಹಲವು ಸಂಸ್ಥೆಗಳ ಸಮೀಕ್ಷೆಗಳನ್ನು ಒಟ್ಟಿಗಿಟ್ಟು ಎರಡನೆಯ ಮತ್ತು ಮೂರನೆಯ ಸ್ಥಾನಗಳನ್ನಷ್ಟೇ ನೋಡಿ. ಶೇ 1ರ ಅಭ್ಯರ್ಥಿಯ ಸಮೀಕ್ಷಾ ಸಂಖ್ಯೆಗೆ ಬೆಲೆ ಕೊಡಬೇಡಿ. ಎರಡು ಮೂರು ಅಂಶಗಳ ತಪ್ಪಿನ ಸಾಧ್ಯತೆ ಇರುವ ಸಾಧನದಲ್ಲಿ ಶೇ 1 ಮತ್ತು ಶೇ 2ರ ವ್ಯತ್ಯಾಸಕ್ಕೆ ಅರ್ಥವಿಲ್ಲ. ಆ ಎರಡು ಸ್ಥಾನಗಳ ನಡುವೆ 5-6 ಅಂಶಗಳ ಅಂತರವಿದ್ದರೆ ನಿಮ್ಮ ಇಷ್ಟದಂತೆ ಮತ ಹಾಕಿ, ನಿದ್ದೆ ಕೆಡಿಸಿಕೊಳ್ಳಬೇಡಿ. ಅಂತರ 2 ಅಂಶಗಳಿಗಿಂತ ಕಡಿಮೆಯಿದ್ದು, ಆ ಇಬ್ಬರಲ್ಲಿ ಯಾರು ಎರಡನೆಯ ಸುತ್ತಿಗೆ ಹೋಗುತ್ತಾರೆಂಬುದು ನಿಮಗೆ ನಿಜಕ್ಕೂ ಮುಖ್ಯವಾದರೆ ಮಾತ್ರ ಲೆಕ್ಕಾಚಾರದ ಮತದ ಬಗ್ಗೆ ಯೋಚಿಸಿ. 2002ರಲ್ಲಿ ಸಮೀಕ್ಷೆಗಳು ತಪ್ಪಿದವಲ್ಲ ಎಂದು ನೀವು ಕೇಳಬಹುದು. ತಪ್ಪಿದವು, ಹಾಗಾಗಿಯೇ 3-4 ಅಂಶಗಳ ಅಂತರವನ್ನೂ ಸುರಕ್ಷಿತವೆಂದು ನಾನು ಹೇಳುತ್ತಿಲ್ಲ. ಅಲ್ಲಿ ತೀರ್ಮಾನ ನಿಮ್ಮದೇ. ಮ್ಯಾಕ್ರನ್ ಸತತ ಮೂರನೆಯ ಬಾರಿ ನಿಲ್ಲುವಂತಿಲ್ಲವಾದ್ದರಿಂದ 2027ರ ಕಣ ಹೆಚ್ಚು ಚದುರಿರುತ್ತದೆ. ಕಣ ಚದುರಿದಷ್ಟೂ ಎರಡನೆಯ ಸುತ್ತಿನ ಹೊಸ್ತಿಲು ಕೆಳಗಿಳಿಯುತ್ತದೆ, ಸಣ್ಣ ಅಂತರಗಳು ನಿರ್ಣಾಯಕವಾಗುವ ಸಂಭವ ಹೆಚ್ಚುತ್ತದೆ.

ಎರಡನೆಯ ಸುತ್ತಿಗೆ ನಿಮ್ಮ ಅಭ್ಯರ್ಥಿಯಿಂದ ಸೂಚನೆ ಬರುತ್ತದೆಂದು ಕಾಯಬೇಡಿ. 2002ರಲ್ಲಿ ಶಿರಾಕ್–ಲ ಪೆನ್ ಎದುರಾದಾಗಲೂ ಲಾಗಿಯೆ ಶಿರಾಕ್‌ಗೆ ಮತ ಹಾಕಿ ಎನ್ನಲಿಲ್ಲ. 2017 ಮತ್ತು 2022ರಲ್ಲಿ ಆರ್ತೊ ಖಾಲಿ ಮತ ಹಾಕುವುದಾಗಿ ಹೇಳಿದರು. ಅಲ್ಲಿ ನೀವು ಒಬ್ಬರೇ ನಿರ್ಧರಿಸಬೇಕಾಗುತ್ತದೆ.

ಕೊನೆಗೆ, ಮೊದಲ ಬಾರಿ ಮತ ಹಾಕುವವರಿಗೆ ಬೇಕಾಗುವ ಎರಡು ವಿಷಯ. ಪೌರತ್ವ ಸಿಕ್ಕಿದವರ ಹೆಸರು ಈಗ ಸಾಮಾನ್ಯವಾಗಿ ತಾನಾಗಿಯೇ ಪಟ್ಟಿಗೆ ಸೇರುತ್ತದಾದರೂ ನಿಮ್ಮ ನಗರಸಭೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ; ಬಿಟ್ಟುಹೋಗಿದ್ದರೆ ಮೊದಲ ಸುತ್ತಿಗೆ ಮುಂಚಿನ ಆರನೆಯ ಶುಕ್ರವಾರದೊಳಗೆ ನೋಂದಾಯಿಸಬೇಕು. ಮತಗಟ್ಟೆಯಲ್ಲಿ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಮೇಜಿನ ಮೇಲೆ ಪ್ರತಿ ಅಭ್ಯರ್ಥಿಯ ಹೆಸರಿನ ಚೀಟಿಗಳ ರಾಶಿ ಸಾಲಾಗಿ ಇರುತ್ತದೆ. ಒಂದೇ ಚೀಟಿ ಎತ್ತಿಕೊಂಡರೆ ನಿಮ್ಮ ಗುಟ್ಟು ಸುತ್ತಲಿನವರಿಗೆ ತಿಳಿದುಬಿಡುತ್ತದೆ. ಆದ್ದರಿಂದ ಕನಿಷ್ಠ ಎರಡು ಬೇರೆ ಬೇರೆ ಚೀಟಿ ಮತ್ತು ಲಕೋಟೆ ತೆಗೆದುಕೊಂಡು ಪರದೆಯ ಹಿಂದೆ ಹೋಗಿ, ಬೇಕಾದುದನ್ನು ಲಕೋಟೆಗೆ ಹಾಕಿ, ಉಳಿದುದನ್ನು ಜೇಬಿಗೆ ಸೇರಿಸಿ. ಲಕೋಟೆಯಲ್ಲಿ ಎರಡು ಬೇರೆ ಹೆಸರಿನ ಚೀಟಿಗಳು ಉಳಿದರೆ, ಇಷ್ಟೆಲ್ಲ ಯೋಚಿಸಿ ಹಾಕಿದ ಮತ ಅಸಿಂಧುವಾಗುತ್ತದೆ.